ಅಪ್‌ಡೇಟ್: ಮಗಳ ರೆಟಿನಾ ಸ್ಕ್ಯಾನ್ ಆಯಿತು

ಎರಡು ಬಾರಿ ಕನ್ನಡಕ ಬದಲಾಯಿಸಿದರೂ ಒಂಬತ್ತು ವರ್ಷದ ಮಗಳಿಗೆ ಕಪ್ಪುಹಲಗೆಯ ಅಕ್ಷರ ಕಾಣುತ್ತಿಲ್ಲ, ಇಷ್ಟು ಚಿಕ್ಕ ಮಗುವಿಗೆ ರೆಟಿನಾ (ಕಣ್ಣಿನ ಹಿಂಭಾಗದ ಬೆಳಕು ಗ್ರಹಿಸುವ ಪರದೆ) ಸ್ಕ್ಯಾನ್ ಬೇಕೇ ಎಂದು ಹಿಂದೆ ಕೇಳಿದ್ದೆ. ಬೇಕೇ ಬೇಕಿತ್ತು. ಕಳೆದ ತಿಂಗಳು ಬೆಂಗಳೂರಿನಲ್ಲೇ ಮಾಡಿಸಿದೆವು. ನಡುದೃಷ್ಟಿಯನ್ನು ಮಂಕಾಗಿಸುವ, ವಂಶಪಾರಂಪರ್ಯವಾಗಿ ಬರುವ ಸ್ಟಾರ್ಗಾರ್ಟ್ ಕಾಯಿಲೆ ಎಂದು ಗೊತ್ತಾಯಿತು.

ವೈದ್ಯರು ದೀಪ ಹಾಯಿಸಿ ನೋಡಿದಾಗ ಕಣ್ಣಿನ ಹಿಂಭಾಗ ಬಹುಮಟ್ಟಿಗೆ ಸರಿಯಾಗಿಯೇ ಕಂಡಿತ್ತು. ಆದರೆ ರೆಟಿನಾದ ಪದರಗಳನ್ನು ಬೆಳಕಿನಿಂದಲೇ ಅಳೆಯುವ ಒಸಿಟಿ ಸ್ಕ್ಯಾನ್‌ನಲ್ಲಿ, ನಡುದೃಷ್ಟಿಗೆ ಕಾರಣವಾದ ರೆಟಿನಾದ ಮಧ್ಯಭಾಗವಾದ ಮ್ಯಾಕ್ಯುಲಾದ ನಟ್ಟನಡುವೆ ಬೆಳಕನ್ನು ಗ್ರಹಿಸುವ ಕೋಶಗಳ ಪದರ ತೆಳುವಾಗಿರುವುದು ಕಾಣಿಸಿತು. ರೆಟಿನಾ ತಾನಾಗಿ ಸೂಸುವ ಹೊಳಪನ್ನು ಸೆರೆಹಿಡಿಯುವ ಆಟೋಫ್ಲೋರೆಸೆನ್ಸ್ ಚಿತ್ರದಲ್ಲಿ ಮಧ್ಯಭಾಗ ಕಪ್ಪಾಗಿಯೂ, ಲಿಪೋಫ್ಯೂಸಿನ್ ಎಂಬ ಕಲ್ಮಶ ಶೇಖರವಾದ ಸುತ್ತಲಿನ ಚುಕ್ಕೆಗಳು ಹೊಳೆಯುತ್ತಲೂ ಇದ್ದವು. ಎರಡಕ್ಕೂ ಸೂಜಿಯಿಲ್ಲ, ಪಾಪೆ ಹಿಗ್ಗಿಸುವ ಹನಿಗಳಷ್ಟೇ. ನಡುದೃಷ್ಟಿಯೇ ಮಂಕಾದ ಮಗುವಿಗೆ ಯಂತ್ರದೊಳಗಿನ ಗುರುತಿನ ಮೇಲೆ ಕಣ್ಣು ನಿಲ್ಲಿಸುವುದು ಎಷ್ಟು ಕಷ್ಟವೆಂದು ಅಂದು ತಿಳಿಯಿತು. ತಂತ್ರಜ್ಞೆ ಬೇಸರಿಸದೆ ಮತ್ತೆ ಮತ್ತೆ ತೆಗೆದರು.

ರಕ್ತಪರೀಕ್ಷೆಯಲ್ಲಿ, 1997ರಲ್ಲಿ ಗುರುತಿಸಲಾದ ಎಬಿಸಿಎ4 ಜೀನಿನ ಎರಡೂ ಪ್ರತಿಗಳಲ್ಲಿ ದೋಷ ಕಂಡುಬಂತು. ಒಂದು ನನ್ನಿಂದ, ಇನ್ನೊಂದು ಅವಳ ತಂದೆಯಿಂದ. ನಾನು ಮದುವೆಯಾದದ್ದು ಸೋದರಮಾವನ ಮಗನನ್ನು; ಹತ್ತಿರದ ಸಂಬಂಧದಲ್ಲಿ ಇಬ್ಬರಲ್ಲೂ ಇಂಥ ದೋಷವಿರುವ ಸಾಧ್ಯತೆ ಹೆಚ್ಚು. ಚಿಕ್ಕ ಮಗನಿಗೂ ಶೇ. 25ರಷ್ಟು ಸಾಧ್ಯತೆಯಿರುವುದರಿಂದ ಅವನ ಕಣ್ಣನ್ನೂ ಪರೀಕ್ಷಿಸಲಿದ್ದಾರೆ.

ಕಣ್ಣಿಗೆ ಒಳ್ಳೆಯದೆಂದು ಅತ್ತೆ ಪ್ರೀತಿಯಿಂದ ತಂದಿದ್ದ ಎ ಜೀವಸತ್ವದ ಮಾತ್ರೆಗಳನ್ನು ನಿಲ್ಲಿಸಿದ್ದೇವೆ, ಏಕೆಂದರೆ ಈ ಕಾಯಿಲೆಯಲ್ಲಿ ಶೇಖರವಾಗುವ ಕಲ್ಮಶ ಅದೇ ಜೀವಸತ್ವದಿಂದ ಉಂಟಾಗುತ್ತದೆ. ಎಂದಿನ ಊಟಕ್ಕೆ ನಿರ್ಬಂಧವಿಲ್ಲ. ಮುಂದಿನ ವರ್ಷ ಇವೇ ಚಿತ್ರಗಳನ್ನು ಮತ್ತೆ ತೆಗೆದು ಹೋಲಿಸುತ್ತಾರೆ. ಶಾಲೆಯಲ್ಲಿ ದಪ್ಪಕ್ಷರದ ಪ್ರಶ್ನೆಪತ್ರಿಕೆಗೆ ಒಪ್ಪಿದ್ದಾರೆ.