ಚೀಸ್–ಸಬ್ಬಸಿಗೆ ಖಾರಾ ಬಿಸ್ಕತ್ತು ಹರಡಿಕೊಳ್ಳುತ್ತೆ, ಯಾಕೆ?

ಪ್ರಶ್ನೆ: ಮೈದಾ 150 ಗ್ರಾಂ, ಇಲ್ಲಿನ (ದಾವಣಗೆರೆ) ಹಸಿ ಬೆಣ್ಣೆ 100, ತುರಿದ ಚೀಸ್ 80, ಒಂದು ಹಿಡಿ ಸಬ್ಬಸಿಗೆ ಸೊಪ್ಪು. 180 ಡಿಗ್ರಿ, 15 ನಿಮಿಷ. ಅಂಚು ಕಂದಾದ್ರೂ ನಡುವೆ ಮೆತ್ತಗೆ, ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಏನು ಬದಲಿಸಬೇಕು?

ಉತ್ತರ 1: ನೀರೇ ಕಾರಣ. ಹಸಿ ಬೆಣ್ಣೆಯಲ್ಲಿ ಮಜ್ಜಿಗೆ ಉಳಿದಿರುತ್ತೆ. ದೋಸೆಗೆ ಅದು ಸರಿ, ಬಿಸ್ಕತ್ತಿಗೆ ಅಲ್ಲ. ತಣ್ಣೀರಲ್ಲಿ ತೊಳೆದು, ನೀರು ಬಸಿದು ಹೋಗೋ ತನಕ ಒತ್ತಿ. 80 ಗ್ರಾಂ ಸಾಕು, ಚೀಸ್‌ನಲ್ಲೂ ಜಿಡ್ಡಿದೆ. ಸೊಪ್ಪನ್ನ ತೊಳೆದು ಬಟ್ಟೆ ಮೇಲೆ ಪೂರ್ತಿ ಆರಿಸಿ, ದಂಟು ತೆಗೆದು, ಸಣ್ಣಗೆ ಹೆಚ್ಚಿ ಎರಡು ಚಮಚ ಹಾಕಿ. ಹಿಟ್ಟು ನಾದಬೇಡಿ, ಒಟ್ಟುಗೂಡಿದ್ರೆ ಸಾಕು. ನಾದಿದ್ರೆ ಬಿಸ್ಕತ್ತು ಗಟ್ಟಿಯಾಗುತ್ತೆ.

ಉತ್ತರ 2: ಮೇಲಿನವರು ಹೇಳಿದ್ದು ಸರಿ. ಆದ್ರೆ ನಮ್ಮೂರ ಬೇಸಿಗೇಲಿ ಫ್ರಿಜ್ ಬಿಟ್ಟರೆ ಆಗಲ್ಲ. ಹಿಟ್ಟನ್ನ ಉರುಳೆ ಮಾಡಿ ಒಂದು ಗಂಟೆ ಇಟ್ಟು, ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಕತ್ತರಿಸಿ. ಎರಡನೇ ಸುತ್ತಿಗೆ ಬಿಸಿ ಟ್ರೇ ಬೇಡ, ಓವನ್‌ಗೆ ಹೋಗೋ ಮೊದಲೇ ಬೆಣ್ಣೆ ಕರಗುತ್ತೆ. 170 ಡಿಗ್ರಿ, 18ರಿಂದ 20 ನಿಮಿಷ.

ಉತ್ತರ 3: ಮೊಝರೆಲ್ಲಾ ಹಾಕ್ತಿದ್ರೆ ಬಿಡಿ, ನೀರು ಜಾಸ್ತಿ. ಚೆಡ್ಡಾರ್ ಒಳ್ಳೇದು. ಚೀಸ್‌ನಲ್ಲೇ ಉಪ್ಪಿರುತ್ತೆ, ಬೇರೆ ಉಪ್ಪು ಒಂದು ಚಿಟಿಕೆ ಸಾಕು. ಆರಿದ ಮೇಲೂ ಮೆತ್ತಗಿದ್ರೆ 150 ಡಿಗ್ರಿಯಲ್ಲಿ ಇನ್ನೈದು ನಿಮಿಷ.