ಪದಚರ್ಚೆ: ಗಂಡ ಹೆಂಡತಿಯ 'ಬ್ಯಾಂಟರ್'ಗೆ ಏನನ್ನೋಣ?

ಗೆಳೆಯರೇ, ನಮಸ್ಕಾರ.

1934ರ 'ದಿ ಥಿನ್ ಮ್ಯಾನ್' ಚಿತ್ರದ ಬಗ್ಗೆ ಕನ್ನಡದಲ್ಲಿ ಒಂದು ಪರಿಚಯ ಬರೆಯುತ್ತಿದ್ದೇನೆ. ಒಂದೇ ಒಂದು ಪದ ಸಿಗದೆ ಬರವಣಿಗೆ ನಿಂತಿದೆ. ಇಂಗ್ಲಿಷಿನಲ್ಲಿ 'ಬ್ಯಾಂಟರ್' ಅನ್ನುತ್ತಾರಲ್ಲ, ಅದಕ್ಕೆ ನಾವು ಏನು ಹೇಳಬಹುದು? ಇಬ್ಬರು ಸರಿಸಮಾನರು, ಒಬ್ಬರ ಮೇಲೊಬ್ಬರಿಗೆ ಪ್ರೀತಿ ಇರುವವರು, ಮಾತಿಗೆ ಥಟ್ಟನೆ ಮಾತು ಸೇರಿಸುತ್ತಾ, ಕೆಣಕುತ್ತಾ, ನಗುತ್ತಾ ಇರುತ್ತಾರೆ. ಆ ಮಾತಿನಾಟಕ್ಕೆ ಜನರ ಬಾಯಲ್ಲಿ ಓಡಾಡುವ ಪದ ಬೇಕು. ನಿಘಂಟಿಗಾಗಿ ಕಟ್ಟಿದ ಪದ ಬೇಡ.

ಸಂದರ್ಭ ಹೇಳಿಬಿಡುತ್ತೇನೆ. ನಿಕ್ ಚಾರ್ಲ್ಸ್ ಹಳೇ ಪತ್ತೇದಾರ, ಕೆಲಸ ಬಿಟ್ಟಿದ್ದಾನೆ. ಹೆಂಡತಿ ನೋರಾ ಅಪ್ಪನ ಆಸ್ತಿ ಬಂದ ಶ್ರೀಮಂತೆ. ಕ್ರಿಸ್‌ಮಸ್ ಹೊತ್ತಿಗೆ ಇಬ್ಬರೂ ಆಸ್ಟಾ ಅನ್ನುವ ನಾಯಿಯ ಜೊತೆ ನ್ಯೂಯಾರ್ಕಿಗೆ ಬಂದಿರುತ್ತಾರೆ. ಅಲ್ಲಿ ಒಬ್ಬ ವಿಜ್ಞಾನಿ ಕಾಣೆಯಾಗಿರುತ್ತಾನೆ, ಒಂದು ಕೊಲೆಯೂ ಆಗುತ್ತದೆ. ನಿಕ್‌ಗೆ ಇದರ ಗೊಡವೆ ಬೇಡ. ನೋರಾಗೆ ಮಾತ್ರ ಗಂಡ ಪತ್ತೇದಾರಿ ಮಾಡುವುದನ್ನು ನೋಡಲೇಬೇಕು. ಡ್ಯಾಶಿಯಲ್ ಹ್ಯಾಮೆಟ್ ಬರೆದ ಕಾದಂಬರಿ ಇದು. ನಿರ್ದೇಶಕ ಡಬ್ಲ್ಯು. ಎಸ್. ವ್ಯಾನ್ ಡೈಕ್ ಎರಡು ವಾರದ ಆಸುಪಾಸಿನಲ್ಲಿ ಚಿತ್ರೀಕರಣ ಮುಗಿಸಿಬಿಟ್ಟರು. ಕೊಲೆಯ ಕಥೆ ಹಿಂದೆ ಇರಲಿ, ಗಂಡ ಹೆಂಡತಿಯ ಮಾತು ಮುಂದೆ ಬರಲಿ ಅನ್ನುವುದು ಅವರ ಆಸೆ. ಚಿತ್ರಕಥೆ ಬರೆದ ಆಲ್ಬರ್ಟ್ ಹ್ಯಾಕೆಟ್ ಮತ್ತು ಫ್ರಾನ್ಸಿಸ್ ಗುಡ್‌ರಿಚ್ ಕೂಡ ಗಂಡ ಹೆಂಡತಿಯೇ. ಅದಕ್ಕೇ ಇರಬೇಕು, ಮಾತುಗಳು ಅಷ್ಟು ಸಲೀಸಾಗಿ ಬರುತ್ತವೆ. ಕೊಲೆಗಾರ ಯಾರು ಅಂತ ಗೊತ್ತಾದ ಮೇಲೂ ನಾನು ಈ ಚಿತ್ರವನ್ನು ಮತ್ತೆ ಮತ್ತೆ ನೋಡುವುದು ಈ ಮಾತಿಗಾಗಿ.

ಎರಡು ಉದಾಹರಣೆ ಕೊಡುತ್ತೇನೆ. ಬಾರಿನಲ್ಲಿ ನೋರಾ ಗಂಡನನ್ನು ಎಷ್ಟಾಯ್ತು ಅಂತ ಕೇಳುತ್ತಾಳೆ. ಇದು ಆರನೇ ಮಾರ್ಟಿನಿ ಅನ್ನುತ್ತಾನೆ. ಅವಳು ಬೈಯುವುದಿಲ್ಲ. ಹಾಗಿದ್ರೆ ನನಗೆ ಇನ್ನೂ ಐದು ತಂದು ಸಾಲಾಗಿ ಇಡಿ ಅಂತ ವೇಟರ್‌ಗೆ ಹೇಳುತ್ತಾಳೆ. ಇನ್ನೊಂದು ಕಡೆ ಪಿಸ್ತೂಲು ಹಿಡಿದವನೊಬ್ಬ ಮಲಗುವ ಕೋಣೆಗೇ ನುಗ್ಗುತ್ತಾನೆ. ಗುಂಡಿನಿಂದ ತಪ್ಪಿಸಲು ನಿಕ್ ಹೆಂಡತಿಗೇ ಒಂದು ಗುದ್ದು ಕೊಟ್ಟು ಪಕ್ಕಕ್ಕೆ ಬೀಳಿಸುತ್ತಾನೆ, ಅವಳಿಗೆ ಎಚ್ಚರ ತಪ್ಪುತ್ತದೆ. ಎಚ್ಚರವಾದ ಮೇಲೆ ಅವಳ ದೂರು ನೋವಿನದ್ದಲ್ಲ. ನೀನು ಅವನನ್ನು ಹಿಡೀತೀಯ ಅಂತ ಗೊತ್ತಿತ್ತು, ಆದರೆ ಹಿಡಿಯೋದನ್ನ ನಾನು ನೋಡಬೇಕಿತ್ತು, ಅಷ್ಟೇ. ನೋರಾ ಪಾತ್ರದ ಮಿರ್ನಾ ಲಾಯ್ ಇದನ್ನು ಎಷ್ಟು ಸರಾಗವಾಗಿ ಹೇಳುತ್ತಾರೆ ಅಂದರೆ, ನಿಕ್ ಪಾತ್ರದ ವಿಲಿಯಂ ಪೊವೆಲ್ ಜೊತೆ ಅವರದ್ದು ನಿಜವಾದ ಸಂಸಾರವೇನೋ ಅನ್ನಿಸುತ್ತದೆ. ಇಬ್ಬರೂ ಒಟ್ಟು 14 ಚಿತ್ರಗಳಲ್ಲಿ ಜೊತೆಯಾದರು.

ಈಗ ಪದಗಳು. ಗೇಲಿ, ಲೇವಡಿ ಅಂದರೆ ಎದುರಿನವರಿಗೆ ನೋವಾಗುತ್ತದೆ. ಕುಚೋದ್ಯದಲ್ಲಿ ಕೆಟ್ಟ ಬುದ್ಧಿ ಇದೆ. ಕೀಟಲೆ ಮಕ್ಕಳದ್ದು. ಚುಡಾಯಿಸುವುದು ಅಂದರೆ ಈಗ ಹುಡುಗಿಯರಿಗೆ ಕೊಡುವ ಕಾಟವೇ ನೆನಪಿಗೆ ಬರುತ್ತದೆ. ಛೇಡಿಸುವುದು ಸ್ವಲ್ಪ ಹತ್ತಿರ, ಆದರೆ ಒಬ್ಬರು ಛೇಡಿಸಿದರೆ ಇನ್ನೊಬ್ಬರು ಸುಮ್ನೆ ಛೇಡಿಸಿಕೊಳ್ಳಬೇಕು. ಕಾಲೆಳೆಯುವುದೂ ಹಾಗೇ. ನೋರಾ ಯಾವತ್ತೂ ಸುಮ್ಮನಿರುವವಳಲ್ಲ. 'ಮಾತಿನ ಚಕಮಕಿ' ಕೇಳಲು ಚೆನ್ನ, ಕಿಡಿ ಹಾರುವುದೂ ಇದೆ. ಆದರೆ ಪತ್ರಿಕೆಗಳು ಅದನ್ನು ವಿಧಾನಸಭೆಯ ಜಗಳಕ್ಕೆ ಕೊಟ್ಟುಬಿಟ್ಟಿವೆ. 'ಸರಸ' ಅಂದ ಕೂಡಲೇ ಓದುಗರ ಮನಸ್ಸು ಬೇರೆ ಕಡೆ ಹೋಗುತ್ತದೆ.

'ಸಲಿಗೆ' ನನಗೆ ತುಂಬಾ ಇಷ್ಟವಾದ ಪದ. ಇಂಥ ಮಾತಿಗೆ ಬೇಕಾದ ಬಿಡುಬೀಸುತನ ಅದರಲ್ಲಿದೆ. ಆದರೆ ಸಲಿಗೆ 'ಕೊಡುವ' ವಸ್ತು. ಜಾಸ್ತಿ ಸಲಿಗೆ ಕೊಟ್ಟರೆ ತಲೆ ಮೇಲೆ ಕೂರ್ತಾನೆ ಅನ್ನುತ್ತೇವೆ. ಮೇಲಿನವರು ಕೆಳಗಿನವರಿಗೆ ಕೊಡುವುದು ಅಂತಾಯಿತು, ಅಲ್ವಾ? ಇಲ್ಲಿ ಮೇಲೆ ಕೆಳಗೆ ಇಲ್ಲ.

ಕೊನೆಗೆ ಕರಾವಳಿಯ 'ಕುಶಾಲು' ಹತ್ತಿರ ಬಂದು ನಿಂತಿದ್ದೇನೆ. "ಕುಶಾಲಿಗೆ ಹೇಳಿದ್ದು ಮಾರಾಯ್ರೆ" ಅನ್ನುವಲ್ಲಿ ನೋವೂ ಇಲ್ಲ, ದೊಡ್ಡಸ್ತಿಕೆಯೂ ಇಲ್ಲ. ಇಬ್ಬರೂ ಸೇರಿಯೇ ಕುಶಾಲು ಮಾಡಬಹುದು. ದಸರೆಯ ಕುಶಾಲತೋಪಿನಲ್ಲಿ ಇರುವುದೂ ಇದೇ ಖುಷಿಯ ಪದ, ಹಾಗಾಗಿ ಮೈಸೂರು ಕಡೆಯವರಿಗೂ ಪೂರ್ತಿ ಹೊಸದಲ್ಲ. ಆದರೆ ಮಾತಿನ ಚುರುಕು ಇದರಲ್ಲಿ ಬರುತ್ತದಾ? ನನಗೆ ಸ್ವಲ್ಪ ಕಡಿಮೆ ಅನ್ನಿಸುತ್ತದೆ. 'ಕುಶಾಲಿನ ಜುಗಲ್‌ಬಂದಿ' ಅಂದರೆ ಭಾರವಾಯಿತೇನೋ.

ಇದರ ಜೊತೆಗೇ ಬರುವ ಇನ್ನೊಂದು ಪ್ರಶ್ನೆ. ಆ ಮಾತುಗಳನ್ನು ಕನ್ನಡಕ್ಕೆ ತರುವಾಗ ನೋರಾ "ರೀ, ನೀವು" ಅಂದು, ನಿಕ್ "ನೀನು" ಅಂದರೆ ಆಟ ಕೆಡುತ್ತದೆ. ಒಂದೇ ಎತ್ತರದಲ್ಲಿ ನಿಂತವರ ಮಾತು ಇದು. ನಾನು ಇಬ್ಬರಿಗೂ 'ನೀನು' ಕೊಟ್ಟಿದ್ದೇನೆ. 1934ರ ಜೋಡಿಗೆ ಅದು ಹೊಂದುವುದಿಲ್ಲ ಅನ್ನುವವರು ಕಾರಣ ಹೇಳಿ.

ಹಾಗೆಯೇ ಶೀರ್ಷಿಕೆ. 'ತೆಳ್ಳಗಿನ ಮನುಷ್ಯ' ಅಂದರೆ ನಿಕ್ ಅಲ್ಲ, ಕಾಣೆಯಾದ ಆ ವಿಜ್ಞಾನಿ. ಚಿತ್ರ ಗೆದ್ದು, 1947ರವರೆಗೆ ಒಟ್ಟು ಆರು ಚಿತ್ರಗಳು ಇದೇ ಹೆಸರು ಹೊತ್ತು ಬಂದವು. ಹಾಗಾಗಿ ಜನ ನಿಕ್‌ನೇ ಅಂದುಕೊಂಡರು. 'ಸಣಕಲ' ಬೈಗುಳ, 'ಬಡಕಲ' ಅಂದರೆ ಕಾಯಿಲೆಯವನು. 'ಸಪೂರದ ಮನುಷ್ಯ' ನನಗೆ ಸರಿ ಕಾಣುತ್ತದೆ, ಆದರೆ ಅದೂ ಕರಾವಳಿಯದ್ದೇ.

ಉತ್ತರ ಕರ್ನಾಟಕದವರು ದಯವಿಟ್ಟು ಹೇಳಿ. ಮದುವೆಮನೆಯಲ್ಲಿ ಒಡಪು ಕಟ್ಟಿ ಗಂಡನ ಹೆಸರು ಹೇಳುವ ರೂಢಿ ನಿಮ್ಮಲ್ಲಿದೆ. ಹೆಂಡತಿ ಒಡಪಿನಲ್ಲೇ ಗಂಡನನ್ನು ಕೆಣಕಿ, ಅವನೂ ತಿರುಗಿ ಕೆಣಕಿದರೆ ಆ ಆಟಕ್ಕೆ ನಿಮ್ಮ ಮನೆಗಳಲ್ಲಿ ಏನನ್ನುತ್ತೀರಿ? 'ಕುಶಾಲು' ನಿಮ್ಮ ಕಡೆ ಅರ್ಥವಾಗುತ್ತದಾ? ಪದದ ಜೊತೆ ಅದನ್ನು ಆಡುವ ಒಂದು ವಾಕ್ಯವನ್ನೂ ಬರೆದರೆ ತುಂಬಾ ಉಪಕಾರ.