ದಂಡು ಇಡಬಾರದ ಸೀಮೆಗೆ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ.

ಪಾವಗಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ಕನ್ನಡದಲ್ಲಿ ನೋಟ್ಸ್ ಮಾಡಿಕೊಡುತ್ತೇನೆ. ಈ ವಾರ ಓಲಾಂಡ್ ದ್ವೀಪಗಳ ಪಾಠ. ‘ಡಿಮಿಲಿಟರೈಸ್ಡ್’ (ಸೇನೆ ಇಡಬಾರದ), ‘ನ್ಯೂಟ್ರಲೈಸ್ಡ್’ (ಯುದ್ಧದಲ್ಲೂ ರಣರಂಗ ಮಾಡಬಾರದ) ಅನ್ನುವ ಎರಡು ಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಓಲಾಂಡ್ ಇರುವುದು ಸ್ವೀಡನ್, ಫಿನ್‌ಲೆಂಡ್ ನಡುವಿನ ಸಮುದ್ರದಲ್ಲಿ. ಜನ ಸುಮಾರು 30 ಸಾವಿರ. ಸೇರಿರುವುದು ಫಿನ್‌ಲೆಂಡಿಗೆ, ಆಡುವುದು ಸ್ವೀಡಿಷ್. ಸುತ್ತ ಆಂಧ್ರ, ಮನೆಯಲ್ಲಿ ತೆಲುಗು, ತಾಲ್ಲೂಕು ಕಚೇರಿಯಲ್ಲಿ ಕನ್ನಡ ಅನ್ನುವ ನಮ್ಮ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ‘ಸ್ವಾಯತ್ತ’ ಅಂದಾಗ ಮಾತ್ರ ‘ಸ್ವತಂತ್ರ ದೇಶ’ ಅಂತ ಬರೆದುಕೊಂಡರು! ಕೊನೆಗೆ ಅಟಾನಮಸ್ ಕಾಲೇಜು ನೆನಪಿಸಿದೆ. ಪ್ರಶ್ನೆಪತ್ರಿಕೆ ಕಾಲೇಜಿನದು, ಡಿಗ್ರಿ ಯೂನಿವರ್ಸಿಟಿಯದು. ಓಲಾಂಡಿನಲ್ಲೂ ಶಾಲೆ, ಆಸ್ಪತ್ರೆ, ಪೊಲೀಸ್ ಅವರವೇ, ವಿದೇಶಾಂಗ ಫಿನ್‌ಲೆಂಡಿನದು. ಆ ಪದ ಅಲ್ಲಿಗೆ ಮುಗಿಯಿತು.

ತೊಡಕು ಮೊದಲು ಹೇಳಿದ ಆ ಎರಡು ಪದಗಳದ್ದು. 1809ರಲ್ಲಿ ರಷ್ಯಾ ಈ ದ್ವೀಪಗಳನ್ನು ಸ್ವೀಡನ್ನಿನಿಂದ ಕಿತ್ತುಕೊಂಡು, ಬೊಮಾರ್‌ಸುಂಡ್‌ನಲ್ಲಿ ಕೋಟೆ ಕಟ್ಟಲು ಹೊರಟಿತು. ಕ್ರಿಮಿಯಾ ಯುದ್ಧದಲ್ಲಿ, 1854ರಲ್ಲಿ, ಬ್ರಿಟಿಷರೂ ಫ್ರೆಂಚರೂ ಸೇರಿ ಅದನ್ನು ಕೆಡವಿದರು. ಇಲ್ಲಿ ಮತ್ತೆ ಕೋಟೆ ಕಟ್ಟಬಾರದು, ಸೇನೆ ಇಡಬಾರದು ಅಂತ 1856ರಲ್ಲಿ ಕರಾರಾಯಿತು. ಫಿನ್‌ಲೆಂಡ್ ಸ್ವತಂತ್ರವಾದ ಮೇಲೆ ದ್ವೀಪದವರು ಸ್ವೀಡನ್ ಸೇರುತ್ತೇವೆ ಅಂದರು. 1921ರಲ್ಲಿ ರಾಷ್ಟ್ರಸಂಘ (ವಿಶ್ವಸಂಸ್ಥೆಗೂ ಮೊದಲಿದ್ದ ಲೀಗ್ ಆಫ್ ನೇಷನ್ಸ್) ಒಪ್ಪಲಿಲ್ಲ. ಫಿನ್‌ಲೆಂಡಿನಲ್ಲೇ ಇರಿ, ನಿಮ್ಮ ಭಾಷೆಗೆ ರಕ್ಷಣೆ ಕೊಡಿಸುತ್ತೇವೆ ಅಂದಿತು. ಅದೇ ವರ್ಷ ಇನ್ನೊಂದು ಒಪ್ಪಂದವಾಗಿ, ಯುದ್ಧ ಬಂದರೂ ಇದು ರಣರಂಗ ಆಗಬಾರದು ಅನ್ನುವುದೂ ಸೇರಿತು.

ಅಂದರೆ ನಿಷೇಧ ಎರಡು: ಸೇನೆ ಇಡಬಾರದು, ಕಾಳಗ ನಡೆಯಬಾರದು. ಮೊದಲನೆಯದಕ್ಕೆ ಪತ್ರಿಕೆಗಳು ‘ಸೇನಾಮುಕ್ತ’ ಅನ್ನುತ್ತವೆ. ನನಗೆ ಹಿಡಿಸುತ್ತಿಲ್ಲ. ಬಯಲುಶೌಚ ಮುಕ್ತ ಗ್ರಾಮದ ಬೋರ್ಡು ಕಣ್ಣಿಗೆ ಬರುತ್ತದೆ. ಅದಿರಲಿ, ‘ಮುಕ್ತ’ ಅಂದರೆ ಈಗ ಸೇನೆ ಇಲ್ಲ ಅಂತಷ್ಟೇ ಆಯಿತು. ಇಡಲೇಬಾರದು ಅನ್ನುವ ಕಟ್ಟು ಆ ಪದದಲ್ಲಿಲ್ಲ, ಅಲ್ವಾ?

ಎರಡನೆಯದಕ್ಕೆ ‘ತಟಸ್ಥೀಕರಣ’ ಬರೆದೆ. ಆಮ್ಲ, ಪ್ರತ್ಯಾಮ್ಲ ಸೇರಿ ಲವಣ, ನೀರು ಆಗುತ್ತೆ ಸಾರ್ ಅಂದ ಒಬ್ಬ. ತಪ್ಪು ಅವನದಲ್ಲ, ಹತ್ತನೇ ಕ್ಲಾಸಿನಲ್ಲಿ ಕಲಿತದ್ದೇ ಅದು. ಬರೀ ‘ತಟಸ್ಥ’ ಅಂದರೆ ತಾನೇ ದಡದಲ್ಲಿ ನಿಂತು ನೋಡುವವನು. ಓಲಾಂಡ್ ಹಾಗೆ ನಿಂತದ್ದಲ್ಲ, ಬೇರೆಯವರು ಕೂಡಿ ನಿಲ್ಲಿಸಿದ್ದು.

ಈ ಭೇದ ಸುಮ್ನೆ ವ್ಯಾಕರಣದ ಜಗಳವಲ್ಲ. 2023ರಲ್ಲಿ ಫಿನ್‌ಲೆಂಡ್, 2024ರಲ್ಲಿ ಸ್ವೀಡನ್ ನ್ಯಾಟೋ ಸೇನಾಕೂಟ ಸೇರಿದವು. ಓಲಾಂಡಿಗೆ ಮಾತ್ರ ಹಳೇ ಕರಾರೇ. ಅದರ ರಾಜಧಾನಿ ಮರಿಯೆಹಾಮ್ನ್‌ನಲ್ಲಿರುವ ರಷ್ಯಾದ ಕಾನ್ಸುಲೇಟಿಗೆ ಆ ಕರಾರು ಪಾಲನೆಯಾಗುತ್ತಿದೆಯೇ ಅಂತ ನೋಡುವ ಕೆಲಸವೂ ಇದೆ. ಸೇನೆ ಇಡಬಾರದ ನೆಲವನ್ನು ಕಾಯುವ ಹೊಣೆ ಫಿನ್‌ಲೆಂಡಿನ ತಲೆ ಮೇಲೆ.

ಗೆಳೆಯರೊಬ್ಬರು ‘ಪಾಳೆಪಟ್ಟು’ ಅನ್ನಿ ಅಂದರು. ಮಧುಗಿರಿಯ ಕೋಟೆ ಹತ್ತಿದವರಿಗೆ ಆ ಪದದ ಮೇಲೆ ಆಸೆ ಜಾಸ್ತಿ. ಆದರೆ ಪಾಳೇಗಾರನ ಕೆಲಸವೇ ದೊಡ್ಡ ದೊರೆಗೆ ದಂಡು ಕಳಿಸುವುದು. ಓಲಾಂಡಿನ ಊರುಹಕ್ಕು (ಅಲ್ಲಿಯವರು ಅನ್ನುವ ಕಾನೂನು ಮಾನ್ಯತೆ) ಇರುವ ಹುಡುಗರಿಗೆ ಕಡ್ಡಾಯ ಸೇನಾಸೇವೆಯೇ ಇಲ್ಲ. ಪೂರ್ತಿ ತಿರುಗುಮುರುಗು.

ನಮ್ಮ ಅಮ್ಮ ಎಲ್ಲಾ ಕೇಳಿಸಿಕೊಂಡು, “ಗೋಮಾಳ ಇದ್ದಂಗೆ ಅನ್ನು, ಯಾರೂ ಉಳಂಗಿಲ್ಲ” ಅಂದರು. ಅರ್ಥ ಹತ್ತಿರವೇ ಬಂತು. ಆದರೆ ಒತ್ತುವರಿ ಆಗದ ಗೋಮಾಳ ಯಾರು ನೋಡಿದ್ದಾರೆ?

ಸದ್ಯಕ್ಕೆ ಮೊದಲನೆಯದಕ್ಕೆ ‘ದಂಡುನಿಷಿದ್ಧ ಸೀಮೆ’ ಅಂತ ಬರೆದಿದ್ದೇನೆ. ಬೆಂಗಳೂರು ದಂಡು ಸ್ಟೇಷನ್ನಿನಿಂದಾಗಿ ‘ದಂಡು’ ಹುಡುಗರಿಗೆ ಗೊತ್ತು. ಎರಡನೆಯದಕ್ಕೆ ‘ಕಾಳಗನಿಷಿದ್ಧ’ ಅಂತ ಬರೆದು ಹೊಡೆದುಹಾಕಿದೆ, ಬಾಯಿಗೆ ಒಗ್ಗಲಿಲ್ಲ. ನಿಮ್ಮ ಕಡೆ ಏನಾದರೂ ಪದ ಇದ್ದರೆ ತಿಳಿಸಿ. ಸೋಮವಾರ ಜೆರಾಕ್ಸಿಗೆ ಕೊಡಬೇಕು.